ಕಣ ಸಣ್ಣದಾದರೂ ಲೆಕ್ಕದ ರೇಖೆ ಕದಲುತ್ತಿಲ್ಲವೇಕೆ?

ಪ್ರಶ್ನೆ: ಮಂಜೇಶ್ವರದ ವಿದ್ಯಾರ್ಥಿನಿ

ಹತ್ತನೆಯವರೆಗೆ ಕಾಸರಗೋಡಿನ ಕನ್ನಡ ಮಾಧ್ಯಮದಲ್ಲೇ ಓದಿದವಳಾದ್ದರಿಂದ ಈ ಗೊಂದಲವನ್ನು ಕನ್ನಡದಲ್ಲೇ ಬಿಡಿಸಿಕೊಳ್ಳುವ ಆಸೆ ನನಗಿದೆ. 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಶೇಕಡ 15ರಷ್ಟು ಸಿಲಿಕಾನ್ ಕಾರ್ಬೈಡ್ ಕಣಗಳಿರುವ ಕಾಂಪೋಸಿಟ್‌ಗೆ, ಒಂದೇ ಕಣವುಳ್ಳ ಘಟಕವನ್ನು ಆಧಾರವಾಗಿಟ್ಟು ಫೈನೈಟ್ ಎಲಿಮೆಂಟ್ ಲೆಕ್ಕ (ವಸ್ತುವನ್ನು ಸಣ್ಣ ತುಣುಕುಗಳಾಗಿ ವಿಭಜಿಸಿ ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕ) ಮಾಡಿದ್ದೇನೆ. ಕಣದ ವ್ಯಾಸವನ್ನು 16 ಮೈಕ್ರಾನ್ ಇಟ್ಟರೂ 4 ಮೈಕ್ರಾನ್ ಇಟ್ಟರೂ ಸ್ಟ್ರೆಸ್–ಸ್ಟ್ರೇನ್ ರೇಖೆ (ಎಷ್ಟು ಒತ್ತಡಕ್ಕೆ ವಸ್ತು ಎಷ್ಟು ರೂಪ ಬದಲಿಸುತ್ತದೆಂಬ ರೇಖೆ) ಒಂದೇ ಬರುತ್ತದೆ. ಪ್ರಯೋಗದಲ್ಲಾದರೋ ಸಣ್ಣ ಕಣದ ತುಂಡು ಸ್ಪಷ್ಟವಾಗಿ ಹೆಚ್ಚು ಗಟ್ಟಿ. ಮೆಷ್ (ಲೆಕ್ಕದ ತುಣುಕುಗಳ ಜಾಲ) ಸೂಕ್ಷ್ಮಗೊಳಿಸಿಯೂ ನೋಡಿದೆ, ಪ್ರಯೋಜನವಾಗಲಿಲ್ಲ.

ಉತ್ತರ 1: ಸೊಲ್ಲಾಪುರದ ಉಪನ್ಯಾಸಕ

ನಿಮ್ಮ ಮೆಷ್ ಸರಿಯಾಗಿಯೇ ಇದೆ. ಸಾಮಾನ್ಯ ಪ್ಲಾಸ್ಟಿಸಿಟಿ (ಶಾಶ್ವತ ರೂಪಬದಲಾವಣೆ) ಸಮೀಕರಣಗಳಿಗೆ ಕಣಗಳ ಶೇಕಡಾ ಪ್ರಮಾಣ ಮತ್ತು ಆಕಾರ ಗೊತ್ತೇ ಹೊರತು ಗಾತ್ರ ಗೊತ್ತಿಲ್ಲ. ಇಡೀ ಘಟಕವನ್ನು ನಾಲ್ಕು ಪಟ್ಟು ಕುಗ್ಗಿಸಿದರೂ ಉತ್ತರ ಅದೇ ಬರುತ್ತದೆ. ಗಾತ್ರ ಒಳಗೆ ಬರುವುದು ಲೋಹದ ಹರಳಿನ ಜೋಡಣೆಯಲ್ಲಿನ ರೇಖಾದೋಷಗಳಾದ ಡಿಸ್ಲೊಕೇಶನ್‌ಗಳ ಮೂಲಕ. ಸುಮಾರು 530 ಡಿಗ್ರಿಯಿಂದ ಕ್ವೆಂಚ್ ಮಾಡಿದಾಗ (ಥಟ್ಟನೆ ತಣಿಸಿದಾಗ) ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 23 ಪಾಲು ಕುಗ್ಗಿದರೆ ಸಿಲಿಕಾನ್ ಕಾರ್ಬೈಡ್ ಸುಮಾರು 4 ಪಾಲು ಮಾತ್ರ ಕುಗ್ಗುತ್ತದೆ. 500 ಡಿಗ್ರಿಯ ಇಳಿತದಲ್ಲಿ ಈ ಅಂತರ ಶೇಕಡ 1ರ ಹತ್ತಿರ ಬರುವುದರಿಂದ, ಲೋಹವು ಕಣದ ಸುತ್ತ ಡಿಸ್ಲೊಕೇಶನ್‌ಗಳನ್ನು ಹುಟ್ಟಿಸಿಕೊಂಡು ಅದನ್ನು ಸರಿತೂಗಿಸುತ್ತದೆ. ಅವುಗಳ ಸಾಂದ್ರತೆ ವ್ಯಾಸಕ್ಕೆ ವಿಲೋಮವಾಗಿಯೂ, ಟೇಲರ್ ಸಂಬಂಧದಂತೆ ಬಲವರ್ಧನೆ ಆ ಸಾಂದ್ರತೆಯ ವರ್ಗಮೂಲಕ್ಕೆ ಅನುಗುಣವಾಗಿಯೂ ಇರುವುದರಿಂದ, 16ರಿಂದ 4 ಮೈಕ್ರಾನಿಗೆ ಇಳಿದಾಗ ಬಲವರ್ಧನೆಯ ಈ ಪಾಲು ಇಮ್ಮಡಿಯಾಗಬೇಕು. ಒರೋವಾನ್ ಪರಿಣಾಮವನ್ನು (ಡಿಸ್ಲೊಕೇಶನ್‌ಗಳು ಕಣಗಳನ್ನು ಬಳಸಿ ಸಾಗಬೇಕಾದಾಗ ಸಿಗುವ ಬಲವರ್ಧನೆಯನ್ನು) ಲೆಕ್ಕಕ್ಕೆ ಸೇರಿಸುವ ಗೋಜಿಗೆ ಹೋಗಬೇಡಿ; ಇಷ್ಟು ದೊಡ್ಡ ಕಣಗಳಲ್ಲಿ ಅದು ನಗಣ್ಯ.

ಉತ್ತರ 2: ಹೊಸೂರಿನಿಂದ, ಎರಕದ ಕೆಲಸದವನು

ಮೇಷ್ಟ್ರು ಹೇಳಿದ್ದು ಸರಿ. ಆದರೆ ಅಲ್ಲಿಗೇ ನಿಲ್ಲಿಸಿದರೆ ನಿಮ್ಮ ರೇಖೆ ಏರುತ್ತಲೇ ಹೋಗುತ್ತದೆ, ತುಂಡು ಮುರಿಯುವುದೇ ಇಲ್ಲ. ಮ್ಯಾಟ್ರಿಕ್ಸ್ (ಕಣಗಳ ಸುತ್ತಲಿನ ಲೋಹ) ಗಟ್ಟಿಯಾದಷ್ಟೂ ಕಣದ ಮೇಲೆ ಬೀಳುವ ಹೊರೆ ಹೆಚ್ಚುವುದರಿಂದ, ಬಲವರ್ಧನೆಯನ್ನೂ ಹಾನಿಯನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೊನೆಗೆ ಕೂಡಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. 16 ಮೈಕ್ರಾನಿನ ಕಣದ ಘನಗಾತ್ರ 4 ಮೈಕ್ರಾನಿನದರ 64 ಪಟ್ಟು. ಅಷ್ಟರೊಳಗೆ ದೊಡ್ಡ ದೋಷವೊಂದು ಅಡಗಿರುವ ಸಂಭವವೂ ಹೆಚ್ಚು, ವೈಬುಲ್ ಸೂತ್ರ ಹೇಳುವುದೂ ಅದನ್ನೇ. ಮೊದಲು ಮುರಿದ ತುಂಡಿನ ಎರಡೂ ಮುಖಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಜೋಡಿಸಿ ನೋಡಿ: ಎರಡರಲ್ಲೂ ಕಣದ ಹೋಳು ಕಂಡರೆ ಕಣ ಒಡೆದಿದೆ, ಒಂದರಲ್ಲಿ ಕಣವೂ ಇನ್ನೊಂದರಲ್ಲಿ ಬರಿಯ ಗುಳಿಯೂ ಕಂಡರೆ ಹಿಡಿತ ಬಿಟ್ಟಿದೆ. ಕಲಕಿ ಎರಕ ಹೊಯ್ದ ತುಂಡಾದರೆ ಕಣಗಳು ಗುಂಪುಗೂಡಿರುತ್ತವೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಒಂದೇ ಕಣದ ಘಟಕಕ್ಕೆ ಇದು ಕಾಣಿಸದು.

ಪ್ರಶ್ನೆ ಕೇಳಿದವಳು

ಇಬ್ಬರಿಗೂ ಕೃತಜ್ಞತೆಗಳು. ಹಳೆಯ ಚಿತ್ರಗಳನ್ನು ತೆಗೆದು ನೋಡಿದೆ: 16 ಮೈಕ್ರಾನಿನ ತುಂಡಿನಲ್ಲಿ ಎರಡೂ ಕಡೆ ಕಣದ ಹೋಳುಗಳೇ ಇವೆ, 4 ಮೈಕ್ರಾನಿನದರಲ್ಲಿ ಹೆಚ್ಚಾಗಿ ಗುಳಿಗಳು. ಆದ್ದರಿಂದ ಮೊದಲನೆಯದಕ್ಕೆ ವೈಬುಲ್ ನಿಯಮವನ್ನೂ ಎರಡನೆಯದಕ್ಕೆ ಕಣದ ಅಂಚು ಹಿಡಿತ ಬಿಡುವುದನ್ನೂ ಸೇರಿಸಿ, ಘಟಕದಲ್ಲಿ ಹಲವು ಕಣಗಳನ್ನಿಟ್ಟು ಮತ್ತೆ ಲೆಕ್ಕ ಮಾಡುತ್ತೇನೆ.