ತರಗತಿಗೆ ಒಗ್ಗುವ ಉಚಿತ ಆನ್‌ಲೈನ್ ಬೋಧನಾ ಸಾಮಗ್ರಿಗಳು ಯಾವುವು?

ಪ್ರಶ್ನೆ:
ಪ್ರೌಢಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತ ಬೋಧಿಸುತ್ತಿದ್ದೇನೆ. ಉಚಿತ ವಿಡಿಯೊಗಳು ಹೇರಳವಾಗಿದ್ದರೂ, ಮಕ್ಕಳು ಸುಮ್ಮನೆ ನೋಡುತ್ತ ಕೂರದೆ ತಾವೇ ಯೋಚಿಸುವಂತೆ ಮಾಡುವ ಸಾಮಗ್ರಿಯನ್ನು ಆರಿಸುವುದು ಕಷ್ಟವಾಗಿದೆ. ಇಂಟರ್ನೆಟ್ ಕೂಡ ಆಗಾಗ ಕೈಕೊಡುತ್ತದೆ. ಇಂತಹ ಸಾಮಗ್ರಿಯನ್ನು ಅನುವಾದಿಸಿ ಸಹೋದ್ಯೋಗಿಗಳಿಗೆ ಹಂಚಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1:
ಸರ್, ಭೌತವಿಜ್ಞಾನಿ ಕಾರ್ಲ್ ವೈಮನ್ ಅವರು 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಸಿಮ್ಯುಲೇಶನ್‌ಗಳನ್ನು (ಪರದೆಯ ಮೇಲೆ ಮಕ್ಕಳೇ ಬದಲಿಸಿ ನೋಡಬಹುದಾದ ಪ್ರಯೋಗಗಳನ್ನು) ಮೊದಲು ನೋಡಿ. ವಿದ್ಯುತ್ ಮಂಡಲದ ಸಿಮ್ಯುಲೇಶನ್‌ನಲ್ಲಿ ಒಂದು ಬ್ಯಾಟರಿಗೆ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಅವನ್ನೇ ಸಮಾಂತರವಾಗಿ ಜೋಡಿಸಿದರೆ ಬೆಳಕು ಹೆಚ್ಚುವುದೋ ಕುಗ್ಗುವುದೋ ಎಂಬ ಊಹೆಯನ್ನು ಪ್ರತಿಯೊಬ್ಬರಿಂದಲೂ ಕಾರಣಸಹಿತ ಬರೆಸಿ. ತಂತಿಗಳನ್ನು ಬದಲಿಸಿದ ಕೂಡಲೇ ಎರಡೂ ಬಲ್ಬುಗಳು ಮೊದಲಿಗಿಂತ ಪ್ರಖರವಾಗುತ್ತವೆ. ಊಹೆ ತಪ್ಪಿದ ಮಕ್ಕಳೇ ಆಗ ಹೆಚ್ಚು ಪ್ರಶ್ನೆ ಕೇಳುತ್ತಾರೆ. ರೇಖಾಗಣಿತಕ್ಕೆ ಜಿಯೋಜೀಬ್ರಾ ಎಂಬ ತಂತ್ರಾಂಶ ಉತ್ತಮ: ತ್ರಿಭುಜದ ಶೃಂಗವನ್ನು ಎಳೆದಂತೆಲ್ಲ ಕೋನಗಳು ಬದಲಾದರೂ ಮೊತ್ತ 180 ಡಿಗ್ರಿಯೇ ಉಳಿಯುವುದನ್ನು ಮಕ್ಕಳೇ ಕಾಣಬಹುದು.

ಉತ್ತರ 2:
ಇಂಟರ್ನೆಟ್ ಸಮಸ್ಯೆಗೆ ಕಿವಿಕ್ಸ್ ಎಂಬ ಉಚಿತ ತಂತ್ರಾಂಶವಿದೆ. ವಿಕಿಪೀಡಿಯ, ಫೆಟ್ ಮುಂತಾದವುಗಳ ಕಡತಗಳನ್ನು ಒಮ್ಮೆ ಇಳಿಸಿಕೊಂಡರೆ ಸಂಪರ್ಕವಿಲ್ಲದೆಯೂ ಬಳಸಬಹುದು.

ಉತ್ತರ 3:
ಹಂಚಿಕೆಯ ವಿಷಯದಲ್ಲಿ ಎಚ್ಚರ ಅಗತ್ಯ, ಏಕೆಂದರೆ ಉಚಿತವಾಗಿ ಸಿಗುವುದೆಲ್ಲ ಮುಕ್ತ ಪರವಾನಗಿಯದ್ದಲ್ಲ. ಕರ್ತೃಗಳು ತಮ್ಮ ಕೃತಿಯ ಬಳಕೆಗೆ ಮೊದಲೇ ಅನುಮತಿ ನೀಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ‘ಬಿವೈ’ ಎಂದಷ್ಟೇ ಇದ್ದರೆ ಮೂಲ ಕರ್ತೃವಿನ ಹೆಸರನ್ನೂ ಮಾಡಿದ ಬದಲಾವಣೆಯನ್ನೂ ನಮೂದಿಸಿ ಅನುವಾದವನ್ನು ಹಂಚಬಹುದು. ‘ಎನ್‌ಡಿ’ (ಮಾರ್ಪಾಡು ಹಂಚುವಂತಿಲ್ಲ) ಎಂದಿದ್ದರೆ ಅನುವಾದವೂ ಮಾರ್ಪಾಡೇ ಆದ್ದರಿಂದ, ಪ್ರತ್ಯೇಕ ಅನುಮತಿ ಪಡೆಯದೆ ಅದನ್ನು ಹಂಚುವಂತಿಲ್ಲ.