ಚಪ್ಪಲಿ ಚೀಲದಲ್ಲಿರಲಿ

ರಾಘು: ಕೇಳಿದ್ರಾ ಸೀನಣ್ಣ? ನಾಳೆಯಿಂದ ನಮ್ಮ ಗೋಪಿ ಚಪ್ಪಲಿ ಸನ್ಯಾಸ ತಗೋತಾನಂತೆ.

ಗೋಪಿ: ಸನ್ಯಾಸ ಅಲ್ಲ ಕಣೋ, ಬಿಡುಗಡೆ. ಒಂದೊಂದು ಪಾದದಲ್ಲೂ 26 ಮೂಳೆ, 33 ಕೀಲು ಇವೆ. ಅಷ್ಟೂ ಜನಾನ ನೀನು ಬೆಳಿಗ್ಗೆಯಿಂದ ಸಂಜೆವರೆಗೆ ಶೂನೊಳಗೆ ತುರುಕಿ, ದಾರ ಬಿಗಿದು, ಮೇಲೊಂದು ಗಂಟು ಬೇರೆ ಹಾಕ್ತೀಯ.

ರಾಘು: ಗಂಟು ಹಾಕದಿದ್ರೆ ತಪ್ಪಿಸ್ಕೊಂಡು ಹೋಗಲ್ವಾ?

ವಿಮಲಕ್ಕ: ತಪ್ಪಿಸ್ಕೊಂಡು ಹೋಗೋರು ಅವರಲ್ಲ ರಾಘು, ನೀನು ಶೂ ಬಿಚ್ಚಿದಾಗ ಪಕ್ಕದಲ್ಲಿ ಕೂತವರು.

ರಾಘು: ವಾಸನೆ ಕಾಲಿಂದು ಅಕ್ಕ, ಶೂದಲ್ಲ. ನಾನು ಅದನ್ನ ಮುಚ್ಚಿಟ್ಟು ಸಮಾಜಸೇವೆ ಮಾಡ್ತಿದ್ದೀನಿ.

ವಿಮಲಕ್ಕ: ಮುಚ್ಚಿಡೋದರಿಂದಲೇ ಅದು ಹುಟ್ಟೋದು. ಅಂಗಾಲಲ್ಲಿ ಬೆವರಿನ ಗ್ರಂಥಿಗಳು ದಟ್ಟವಾಗಿವೆ, ನಿಜ. ಆದರೆ ಆಗತಾನೇ ಬಂದ ಬೆವರಿಗೆ ಅಂಥ ವಾಸನೆ ಏನೂ ಇಲ್ಲ. ಅದು ಆರದೆ ನಿಂತಾಗ ಬ್ಯಾಕ್ಟೀರಿಯಾಗಳು ಬೆವರಲ್ಲಿರೋದನ್ನೂ ಸತ್ತ ಚರ್ಮವನ್ನೂ ತಿಂದು ಐಸೊವ್ಯಾಲೆರಿಕ್ ಆಮ್ಲದಂಥದ್ದನ್ನ ಬಿಡ್ತವೆ. ಗಾಳಿಯಾಡೋ ಕಾಲು ಒಣಗಿರುತ್ತೆ, ಅವಕ್ಕೆ ಊಟ ಸರಿಹೋಗಲ್ಲ. ಬೆರಳ ಸಂದಿಯ ಫಂಗಸ್ಸಿಗೂ ಅದೇ ಲೆಕ್ಕ. ಈಜುಕೊಳದ ಸುತ್ತಲ ನೆಲ, ಎಲ್ಲರೂ ಸ್ನಾನ ಮಾಡೋ ಜಾಗ, ಬಟ್ಟೆ ಬದಲಾಯಿಸೋ ಕೋಣೆ, ಇವು ಮಾತ್ರ ಬೇರೆ ಮಾತು. ಸದಾ ಒದ್ದೆಯಾಗಿರೋ ಕಡೆ ಫಂಗಸ್ಸೂ ಅಂಗಾಲಿನ ನರುಲಿ ತರೋ ವೈರಸ್ಸೂ ಕಾಯ್ಕೊಂಡಿರ್ತವೆ. ಅಲ್ಲಿ ಬರಿಗಾಲಿನ ಭಕ್ತರೂ ಚಪ್ಪಲಿ ಹಾಕ್ಕೋಬೇಕು.

ಸೀನಣ್ಣ: ಅದಿರಲಿ. ಗೋಪಿ, ನಾಳೆ ಎಷ್ಟು ದೂರದ ಯೋಜನೆ?

ಗೋಪಿ: ಹೆಚ್ಚೇನಿಲ್ಲ ಸೀನಣ್ಣ, ಐದು ಕಿಲೋಮೀಟರ್.

ಸೀನಣ್ಣ: ಹಾಸಿಗೆ ಇದ್ದಷ್ಟು ಕಾಲು ಚಾಚು. ಮೊದಲ ವಾರ ದಿನ ಬಿಟ್ಟು ದಿನ ಹತ್ತೇ ನಿಮಿಷ. ಮಾರನೇ ದಿನ ಮೀನಖಂಡ ನೋಯದಿದ್ರೆ ಮುಂದಿನ ವಾರ ಎರಡು ಮೂರು ನಿಮಿಷ ಜಾಸ್ತಿ ಮಾಡು. ಚರ್ಮ ಕೆಲವೇ ವಾರದಲ್ಲಿ ಒಗ್ಗಿಬಿಡುತ್ತೆ, ಅಲ್ಲೇ ಮೋಸ ಇರೋದು. ಅಂಗಾಲು "ಹೋಗೋಣ" ಅನ್ನುತ್ತೆ. ಒಳಗಿನ ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಅವು ಮೊದಲೇ ಬಾಯಿಬಿಟ್ಟು ಹೇಳಲ್ಲ.

ವಿಮಲಕ್ಕ: ಹೇಳೋ ಹೊತ್ತಿಗೆ ಬಿರುಕು ಬಿಟ್ಟಿರುತ್ತೆ. 2013ರಲ್ಲಿ ಒಂದು ಅಧ್ಯಯನ ಬಂತು. 36 ಜನ ಓಟಗಾರರು. ಅದರಲ್ಲಿ ಸುಮಾರು ಅರ್ಧ ಜನಕ್ಕೆ ಬೆರಳು ಬೆರಳಾಗಿ ಬಿಡಿಸಿದ ತೆಳು ಅಡಿಯ ಶೂ ಕೊಟ್ಟು, ಹತ್ತು ವಾರದಲ್ಲಿ ನಿಧಾನಕ್ಕೆ ಒಗ್ಗಿಸ್ಕೊಳ್ಳಿ ಅಂದ್ರು. ಕೊನೆಗೆ ಎಂ.ಆರ್.ಐ. ಮಾಡಿದರೆ ಆ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನರ ಪಾದದ ಮೂಳೆ ಮಜ್ಜೆಯಲ್ಲಿ ಬಾವು ಏರಿತ್ತು. ಹತ್ತು ವಾರವೂ ಸಾಲದು ಅಂತಾಯ್ತು. ಪಾದದ ಮೇಲ್ಭಾಗದಲ್ಲಿ, ಎರಡನೇ ಮೂರನೇ ಬೆರಳಿನ ಹಿಂದಿನ ಉದ್ದ ಮೂಳೆ ಮೇಲೆ, ಒಂದೇ ಕಡೆ ಬೆರಳಿಟ್ಟು ಒತ್ತಿದಾಗ ಚುಳಕ್ ಅಂದ್ರೆ ನಡಿಗೆ ಅಲ್ಲಿಗೇ ನಿಲ್ಲಿಸು. ಮೊದಲ ಎರಡು ವಾರ ಎಕ್ಸ್‌ರೇಯಲ್ಲಿ ಆ ಬಿರುಕು ಕಾಣದೇ ಇರಬಹುದು. ಕಾಣಲಿಲ್ಲ ಅಂತ ಮತ್ತೆ ಓಡೋಕೆ ಹೊರಡಬೇಡ.

ಗೋಪಿ: ಹಾಗಾದ್ರೆ ಮೆತ್ತಗೆ ಹುಲ್ಲಿನ ಮೇಲೆ ಶುರು ಮಾಡ್ತೀನಿ.

ಸೀನಣ್ಣ: ಎಲ್ಲರೂ ಹೇಳೋದು ಅದನ್ನೇ, ನಂಗೆ ಒಪ್ಪಿಗೆ ಇಲ್ಲ. ಹುಲ್ಲಿನೊಳಗೆ ಏನಿದೆ ಅಂತ ಕಾಣಲ್ಲ. ಅದೂ ಅಲ್ಲದೆ ಮೆತ್ತನೆ ನೆಲ ನಿನ್ನ ಕೆಟ್ಟ ನಡಿಗೆಯನ್ನೆಲ್ಲ ಕ್ಷಮಿಸಿಬಿಡುತ್ತೆ. ನಯವಾದ, ಗಟ್ಟಿಯಾದ, ಗುಡಿಸಿದ ನೆಲ ತಗೋ. ಹಿಮ್ಮಡಿ ಕುಟ್ಟಿದ ಮೊದಲ ಹೆಜ್ಜೆಗೇ ಅದು ಬುದ್ಧಿ ಹೇಳುತ್ತೆ.

ರಾಘು: ಕಾಲಿಗೆ ಬುದ್ಧಿ ಹೇಳೋ ನೆಲ! ಗೋಪಿ ಮನೆಯಲ್ಲಿ ಇಷ್ಟು ವರ್ಷ ಯಾರಿಂದಲೂ ಆಗದೇ ಇದ್ದ ಕೆಲಸ.

ಸೀನಣ್ಣ: ನಡೆಯುವಾಗ ಹಿಮ್ಮಡಿ ಮೊದಲು ತಾಗಿದರೆ ತಪ್ಪಿಲ್ಲ, ಕುಟ್ಟಬಾರದು ಅಷ್ಟೇ. ಹೆಜ್ಜೆ ಚಿಕ್ಕದಿರಲಿ, ಪಾದ ಮೈಯಿಂದ ತೀರ ಮುಂದೆ ಹೋಗಿ ಬೀಳದಿರಲಿ. ಓಡುವಾಗ ಲೆಕ್ಕ ಬೇರೆ. ಬರಿಗಾಲಲ್ಲೇ ಬೆಳೆದ ಓಟಗಾರರು ಹೆಚ್ಚಾಗಿ ಮುಂಗಾಲನ್ನೋ ನಡುಪಾದವನ್ನೋ ಮೊದಲು ಊರ್ತಾರೆ ಅಂತ 2010ರಲ್ಲೇ ಅಳೆದು ನೋಡಿದ್ದಾರೆ. ನಿಂಗೆ ಅಳತೆಗೆ ನಿನ್ನ ಕಿವಿ ಸಾಕು. ಧಪ್ ಧಪ್ ಅಂತ ಕೇಳಿದ್ರೆ ತಪ್ಪಾಗ್ತಿದೆ.

ಗೋಪಿ: ಗುಳ್ಳೆ ಏಳದ ಹಾಗೆ ಏನು ಮಾಡೋದು?

ಸೀನಣ್ಣ: ಪಾದವನ್ನ ನೆಲದ ಮೇಲೆ ತಿರುಚಬೇಡ, ಎಳೀಬೇಡ. ಗುಳ್ಳೆ ಏಳೋದು ಭಾರದಿಂದಲ್ಲ, ಜಾರೋದರಿಂದ. ಮೇಲ್ಚರ್ಮ ಒಂದು ಕಡೆ, ಒಳಪದರ ಒಂದು ಕಡೆ ಜರುಗಿದಾಗ ನಡುವೆ ನೀರು ತುಂಬುತ್ತೆ. ಮೂಲೆ ತಿರುಗುವಾಗ ಜನ ಮುಂಗಾಲಿನ ಮೇಲೆ ಗಿರ್ ಅಂತ ತಿರುಗ್ತಾರೆ. ಅದು ಬೇಡ. ಎತ್ತಿ ಇಡು, ಎರಡು ಮೂರು ಪುಟ್ಟ ಹೆಜ್ಜೆಯಲ್ಲಿ ತಿರುಗು. ಬೆರಳಿನಿಂದ ನೆಲವನ್ನ ಹಿಂದಕ್ಕೆ ಒದ್ದು ಮುಂದೆ ಹೋಗೋದೂ ಬೇಡ. ಮಳೆಯಲ್ಲಿ ಇನ್ನೂ ಹುಷಾರು. ನೆಂದ ಚರ್ಮ ಊದಿ ಮೆತ್ತಗಾಗುತ್ತೆ, ಒರಟು ರಸ್ತೆ ಅದನ್ನ ಅರ್ಧ ಗಂಟೆಯಲ್ಲಿ ಸವೆಸಿಹಾಕುತ್ತೆ.

ರಾಘು: ಜಲ್ಲಿಕಲ್ಲು ಬಂದ್ರೆ? ಅಲ್ಲಿ ಗೋಪಿಯ ನೃತ್ಯ ನೋಡೋಕೆ ಜನ ಸೇರ್ತಾರೆ.

ಸೀನಣ್ಣ: ನೃತ್ಯ ಬರೋದೇ ತುದಿಗಾಲಲ್ಲಿ ನಿಲ್ಲೋದರಿಂದ. ಹೆದರಿ ತುದಿಗಾಲಲ್ಲಿ ನಿಂತರೆ ಅಷ್ಟೂ ಭಾರ ಎರಡು ಮೂರು ಕಲ್ಲಿನ ಮೇಲೆ. ಮಂಡಿ ಸಡಿಲ ಬಿಟ್ಟು, ಪೂರ್ತಿ ಪಾದ ನಿಧಾನಕ್ಕೆ ಊರಿದರೆ ಅದೇ ಭಾರ ಇಪ್ಪತ್ತು ಕಲ್ಲಿಗೆ ಹಂಚಿಹೋಗುತ್ತೆ. ಚುಚ್ಚೋ ಕಲ್ಲು ಸಿಕ್ಕಿದ್ರೆ ಆ ಮಂಡಿ ಮಡಚಿಕೊಳ್ಳಬೇಕು, ಭಾರ ಹಿಂದಿನ ಕಾಲಿಗೆ ವಾಪಸ್ ಬರಬೇಕು. ಆದರೆ ಮೊದಲ ತಿಂಗಳು ಜಲ್ಲಿ ತಂಟೆಗೇ ಹೋಗಬೇಡ.

ರಾಘು: ಆಮೇಲೆ ಕಾಲಿಗೆ ಗೊರಸು ಬರುತ್ತಾ? ಹತ್ತು ವರ್ಷ ಹೀಗೆ ನಡೆದವನಿಗೆ ಕಾಲಡಿ ಕಪ್ಪೆ ಸಿಕ್ಕಿದ್ರೂ ಗೊತ್ತಾಗಲ್ವೇನೋ.

ವಿಮಲಕ್ಕ: ಆ ಅನುಮಾನ ವಿಜ್ಞಾನಿಗಳಿಗೂ ಬಂದಿತ್ತು ಕಣಪ್ಪ. ಕೀನ್ಯಾದಲ್ಲಿ ಬರಿಗಾಲಲ್ಲಿ ನಡೆಯೋರನ್ನೂ ಶೂ ಹಾಕೋರನ್ನೂ ಪರೀಕ್ಷೆ ಮಾಡಿ 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಜಡ್ಡು ದಪ್ಪ ಆದಷ್ಟಕ್ಕೆ ಸ್ಪರ್ಶದ ಸೂಕ್ಷ್ಮತೆ ಕಡಿಮೆಯಾಗಿರಲಿಲ್ಲ. ಜಡ್ಡು ಗಟ್ಟಿ, ಆದ್ದರಿಂದ ನೆಲದ ಒತ್ತಡವನ್ನ ಒಳಗಿನ ನರಗಳಿಗೆ ಹಾಗೇ ದಾಟಿಸುತ್ತೆ. ಶೂನ ಮೆತ್ತೆ ಅದನ್ನ ನಡುವೆಯೇ ನುಂಗಿಬಿಡುತ್ತೆ. ಕಪ್ಪೆ ಗೊತ್ತಾಗದೇ ಇರೋದು ನಿಂಗೆ.

ರಾಘು: ಕಪ್ಪೆಗೆ ಗೊತ್ತಾಗುತ್ತಲ್ಲ ಬಿಡಿ.

ಗೋಪಿ: ಬಿಸಿ ನೆಲ? ಜಡ್ಡು ಬಂದ್ರೆ ಮಧ್ಯಾಹ್ನವೂ ನಡೀಬಹುದಲ್ವಾ?

ಸೀನಣ್ಣ: ಇಲ್ಲ. ಇಲ್ಲಿ ಧೈರ್ಯ ತೋರಿಸೋನು ದಡ್ಡ. ಬಿಸಿಲಿಗೆ ಕಾದ ಡಾಂಬರು ಗಾಳಿಯ ಉಷ್ಣತೆಗಿಂತ ಎಷ್ಟೋ ಮೇಲೆ ಹೋಗುತ್ತೆ, 60 ಡಿಗ್ರಿ ಮುಟ್ಟೋದು ಅಪರೂಪವೇನಲ್ಲ. ಚರ್ಮ ಸುಡೋ ಲೆಕ್ಕ 1947ರಲ್ಲೇ ಹಾಕಿಟ್ಟಿದ್ದಾರೆ: 44 ಡಿಗ್ರಿಯಲ್ಲಿ ಸುಡೋಕೆ ಸುಮಾರು 6 ಗಂಟೆ ಬೇಕು, 60 ಡಿಗ್ರಿಗೆ ಸುಮಾರು 5 ಸೆಕೆಂಡ್ ಸಾಕು. ಅಂಗಾಲು ದಪ್ಪ ಅಂತ ಒಂದೆರಡು ಸೆಕೆಂಡ್ ಜಾಸ್ತಿ ಸಿಗಬಹುದು, ಸಾಲ ಸಿಕ್ಕ ಹಾಗೆ. ಹಿಂಗೈಯನ್ನ ನೆಲಕ್ಕೆ ಒತ್ತಿ ಏಳರವರೆಗೆ ಎಣಿಸು. ಅಷ್ಟರೊಳಗೆ ಕೈ ಎತ್ತಿದ್ಯೋ, ಚಪ್ಪಲಿ ಹಾಕು. ರಸ್ತೆಯ ಬಿಳಿ ಪಟ್ಟಿ ಬಿಸಿಲನ್ನ ವಾಪಸ್ ಕಳಿಸುತ್ತೆ, ಪಕ್ಕದ ಕಪ್ಪು ಡಾಂಬರಿಗಿಂತ ತಂಪು. ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ ನೆಲದಷ್ಟೇ ಕಾದಿದ್ದರೂ ಶಾಖವನ್ನ ಸರಸರ ಅಂತ ಕಾಲಿಗೆ ದಾಟಿಸುತ್ತೆ, ಅದನ್ನ ತುಳಿಯದೆ ಹೋಗು. ಚಳಿ ದೇಶಕ್ಕೆ ಹೋದ್ರೆ ಇದರ ಉಲ್ಟಾ ನೆನಪಿಟ್ಕೋ: ನೋವು ಮೊದಲ ಎಚ್ಚರಿಕೆ, ಕಾಲು ಜೋಮು ಹಿಡಿದು ನೋವೇ ನಿಂತಿತು ಅಂದ್ರೆ ಕೂಡಲೇ ಒಳಗೆ ಹೋಗಬೇಕು.

ಗೋಪಿ: ಅಂದ್ರೆ ಬರಿಗಾಲಿಗೆ ಹೊರಟವನೂ ಚಪ್ಪಲಿ ಹೊರಬೇಕಾ?

ಸೀನಣ್ಣ: ಹೊರಲೇಬೇಕು. ಚೀಲದಲ್ಲಿ ಮಡಚಿಟ್ಟ ತೆಳು ಜೋಡಿ ಒಂದಿರಲಿ. "ಒಳಗೆ ಬಿಡಲ್ಲ" ಅಂತ ಬಾಗಿಲಲ್ಲೇ ಯಾರಾದರೂ ತಡೆದರೆ ಕಾಲು ಕೆರೆದು ಜಗಳಕ್ಕೆ ನಿಲ್ಲೋ ಬದಲು ಹಾಕ್ಕೊಂಡು ಹೋಗಬಹುದು. ಜಾಗ ಅವರದು, ನಿಯಮವೂ ಅವರದು.

ರಾಘು: ಈಗ ಮುಖ್ಯ ವಿಷಯಕ್ಕೆ ಬನ್ನಿ. ಗಾಜು.

ಸೀನಣ್ಣ: ಗಾಜು ಎಲ್ಲ ಕಡೆ ಇರಲ್ಲ, ಅದಕ್ಕೂ ವಿಳಾಸ ಇದೆ. ವಾಹನ ಓಡೋ ಜಾಗವನ್ನ ಚಕ್ರಗಳೇ ಒಂದು ಮಟ್ಟಿಗೆ ಗುಡಿಸ್ತವೆ, ಚೂರೆಲ್ಲ ರಸ್ತೆ ಅಂಚಿಗೆ ಬಂದು ಸೇರುತ್ತೆ. ಕಸದ ತೊಟ್ಟಿ ಸುತ್ತ, ವಾಹನ ನಿಲ್ಲಿಸೋ ಜಾಗ, ಜನ ಕೂತು ಕುಡಿಯೋ ಕಟ್ಟೆ ಕೆಳಗೆ ಕಣ್ಣಿಡು. ಎರಡು ಮೂರು ಮೀಟರ್ ಮುಂದೆ ನೋಡ್ತಾ ನಡಿ, ಕಾಲಡಿ ನೋಡೋದಲ್ಲ. ಕಾಲಡಿಗೆ ಬಂದದ್ದನ್ನ ನೋಡಿ ಪ್ರಯೋಜನ ಏನು, ಅದಾಗಲೇ ನಿನ್ನದಾಗಿರುತ್ತೆ. ಫೋನ್ ಜೇಬಿನಲ್ಲಿರಲಿ.

ರಾಘು: ಮುಗೀತು. ಗೋಪಿ ಫೋನ್ ಬಿಡೋನಲ್ಲ.

ವಿಮಲಕ್ಕ: ಚೂರು ಹೊಕ್ಕರೆ ಸೋಪು ನೀರಲ್ಲಿ ತೊಳೆದು, ಟಾರ್ಚನ್ನ ಪಕ್ಕದಿಂದ ಓರೆಯಾಗಿ ಬಿಡು. ನೆಟ್ಟಗೆ ಬಿಟ್ಟರೆ ಗಾಜು ಕಾಣಲ್ಲ, ಓರೆ ಬೆಳಕಿಗೆ ಮಿನುಗುತ್ತೆ. ಸ್ಪಿರಿಟ್‌ನಲ್ಲಿ ಒರೆಸಿದ ಚಿಮಟದಿಂದ, ಹೊಕ್ಕ ದಿಕ್ಕಿನಲ್ಲೇ ಹಿಂದಕ್ಕೆ ಎಳಿ. ಅಡ್ಡ ಎಳೆದರೆ ತುದಿ ಮುರಿದು ಒಳಗೇ ಉಳಿಯುತ್ತೆ. ಹಿಂಡಬೇಡ. ಆಳಕ್ಕೆ ಹೋಗಿದ್ರೆ ವೈದ್ಯರ ಹತ್ತಿರ ಹೋಗು. ಗಾಜಿನ ಚೂರು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುತ್ತೆ, ಮರದ ಸಿಬಿರು, ಮುಳ್ಳು ಕಾಣಲ್ಲ. ಏನು ಚುಚ್ಚಿತು ಅಂತ ಮೊದಲೇ ಹೇಳಿಬಿಡು.

ಗೋಪಿ: ತುಕ್ಕು ಹಿಡಿದ ಮೊಳೆ ಆದ್ರೆ ಧನುರ್ವಾಯು...

ವಿಮಲಕ್ಕ: ತುಕ್ಕಿನ ತಪ್ಪೇನಿಲ್ಲ. ಆ ರೋಗಾಣುವಿನ ಬೀಜಕಣ ಇರೋದು ಮಣ್ಣಲ್ಲಿ, ಸಗಣಿಯಲ್ಲಿ. ಅದಕ್ಕೆ ಗಾಳಿ ಆಗಲ್ಲ. ಆದ್ದರಿಂದ ಸಣ್ಣ ಬಾಯಿಯ ಆಳದ ಗಾಯ ಅಂದ್ರೆ ಅದಕ್ಕೆ ಹಬ್ಬ. ಥಳಥಳ ಹೊಳೆಯೋ ಹೊಸ ಮೊಳೆಯೂ ಅದೇ ಕೆಲಸ ಮಾಡುತ್ತೆ. ಚುಚ್ಚುಮದ್ದು 10 ವರ್ಷಕ್ಕೊಮ್ಮೆ. ಕೊಳೆಯಾದ ಆಳದ ಗಾಯ ಆಗಿ, ಹಿಂದಿನದಕ್ಕೆ 5 ವರ್ಷ ದಾಟಿದ್ರೆ ಆಗಲೇ ಇನ್ನೊಂದು. ಮಜಾ ಏನು ಗೊತ್ತಾ ರಾಘು? ಮೊಳೆ ರಬ್ಬರ್ ಅಡಿಯ ಶೂ ತೂರಿಕೊಂಡು ಬಂದರೆ, ಬೆವತ ಶೂನೊಳಗೆ ಮನೆ ಮಾಡಿರೋ ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾವನ್ನೂ ಜೊತೆಗೆ ಮೂಳೆವರೆಗೆ ಕರ್ಕೊಂಡು ಹೋಗಬಹುದು.

ರಾಘು: ನನ್ನ ಶೂನಲ್ಲಿ ಬಾಡಿಗೆಗೆ ಇನ್ನೂ ಯಾರ್ಯಾರಿದ್ದಾರೆ ಅಂತ ಒಂದು ಪಟ್ಟಿ ಕೊಟ್ಟುಬಿಡಿ ಅಕ್ಕ.

ವಿಮಲಕ್ಕ: ಬರಿಗಾಲಿನ ಕಡೆಯವರೂ ಬೀಗಬೇಕಾಗಿಲ್ಲ. ಕೊಕ್ಕೆಹುಳುವಿನ ಮರಿ ಚರ್ಮ ಕೊರೆದೇ ಒಳಗೆ ಬರೋದು. ಮನುಷ್ಯರ ಮಲ ಬಿದ್ದ, ನೆರಳಿನ, ಬೆಚ್ಚಗಿನ, ತೇವದ ಮಣ್ಣಿನಲ್ಲಿ ಮೊಟ್ಟೆ ಒಡೆದು 5ರಿಂದ 10 ದಿನಕ್ಕೆ ತಯಾರಾಗುತ್ತೆ. ಕಾದ ಸಿಮೆಂಟ್ ನೆಲದಲ್ಲಿ ಅದು ಬದುಕಲ್ಲ. ಬಯಲು ಶೌಚದ ಜಾಗದಲ್ಲಿ ಬರಿಗಾಲು ಅಂದ್ರೆ ನೀನೇ ಬಾಗಿಲು ತೆಗೆದು ಕರೆದ ಲೆಕ್ಕ. ಇನ್ನೊಂದು ಮಾತು, ಇದರಲ್ಲಿ ನಗೆಚಾಟಿಕೆ ಇಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು. ಮುಳ್ಳು ಹೊಕ್ಕಿದ್ದು ಅವರಿಗೆ ಗೊತ್ತಾಗೋದು ಕೀವಾದ ಮೇಲೆ. ಪಾದದಲ್ಲಿ ರಕ್ತ ಸಂಚಾರ ಕಡಿಮೆ ಇರೋರಿಗೂ ಇದೇ ಮಾತು.

ಗೋಪಿ: ಸರಿ ಅಕ್ಕ. ಆದ್ರೂ ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲ 1960ರಲ್ಲಿ ರೋಮ್ ಒಲಿಂಪಿಕ್ ಮ್ಯಾರಥಾನ್ ಗೆದ್ದದ್ದು ಬರಿಗಾಲಲ್ಲೇ. 2 ಗಂಟೆ 15 ನಿಮಿಷ 16 ಸೆಕೆಂಡ್, ವಿಶ್ವದಾಖಲೆ!

ರಾಘು: 1964ರಲ್ಲಿ ಟೋಕಿಯೋದಲ್ಲಿ ಅದೇ ಬಿಕಿಲ ಶೂ ಹಾಕ್ಕೊಂಡು 2 ಗಂಟೆ 12 ನಿಮಿಷ 11 ಸೆಕೆಂಡ್. ಅದೂ ಅಪೆಂಡಿಕ್ಸ್ ಆಪರೇಷನ್ ಆದ ಕೆಲವೇ ವಾರಕ್ಕೆ. ಮೂರು ನಿಮಿಷ ಬೇಗ. ಕೂತ್ಕೋ.

ಸೀನಣ್ಣ: ಇಬ್ಬರೂ ಕೂತ್ಕೊಳ್ಳಿ. ಆತ ಎರಡರಲ್ಲೂ ಓಡ್ತಿದ್ದ, ನೀವು ಎರಡರಲ್ಲೂ ಓಡಲ್ಲ. ಎಸ್ಕಲೇಟರ್ ಬಗ್ಗೆ ಹೇಳ್ತೀನಿ ಕೇಳಿ. ಮೆಟ್ಟಿಲು ಒಳಗೆ ಹೋಗೋ ಕಡೆ ಲೋಹದ ಹಲ್ಲಿನ ತಟ್ಟೆ ಇರುತ್ತಲ್ಲ, ಬೆರಳಿಗೆ ಅದು ಯಮ. ಪಕ್ಕದ ಗೋಡೆಗೂ ಮೆಟ್ಟಿಲಿಗೂ ನಡುವಿನ ಸಂದಿಯೂ ಅಷ್ಟೇ. ಬರಿಗಾಲಲ್ಲಿ ಹತ್ತಲೇಬೇಡ, ಪಕ್ಕದಲ್ಲಿ ಮಾಮೂಲಿ ಮೆಟ್ಟಿಲಿರುತ್ತೆ. ಕಾರು ಓಡಿಸೋದಾದ್ರೆ ಒಣಗಿದ ಬರಿಗಾಲು ಪರವಾಗಿಲ್ಲ, ಒದ್ದೆ ಕಾಲು ಪೆಡಲ್ ಮೇಲೆ ಜಾರುತ್ತೆ. ಅದಕ್ಕಿಂತ ಕೆಟ್ಟದ್ದು ಕಳಚಿಟ್ಟ ಚಪ್ಪಲಿ: ಉರುಳಿ ಬ್ರೇಕಿನ ಕೆಳಗೆ ಸೇರಿಕೊಂಡ್ರೆ ಬ್ರೇಕೇ ಇಲ್ಲ. ಹಿಂದಿನ ಸೀಟಿನ ಕಡೆ ಎಸೆದು ಕೂತ್ಕೋ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಇಸ್ತ್ರಿ ಪೆಟ್ಟಿಗೆ, ಸ್ವಿಚ್ಚು ಮುಟ್ಟಬೇಡ. ಕರೆಂಟಿಗೆ ನೀನೇ ದಾರಿಯಾಗ್ತೀಯ.

ಗೋಪಿ: ಮನೆಗೆ ಬಂದ ಮೇಲೆ ಪಾದದ ಆರೈಕೆ?

ವಿಮಲಕ್ಕ: ತೊಳಿ, ಬೆರಳ ಸಂದಿ ಒರೆಸಿ ಒಣಗಿಸು, ಅಂಗಾಲನ್ನ ಬೆಳಕಿಗೆ ಹಿಡಿದು ನೋಡು. ಬಗ್ಗೋಕೆ ಆಗದಿದ್ರೆ ನೆಲದ ಮೇಲೆ ಕನ್ನಡಿ ಇಟ್ಕೋ. ಟಾರು ಅಂಟಿದ್ರೆ ಅಡುಗೆ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಸೋಪು ಹಾಕು, ಪೆಟ್ರೋಲು ಬೇಡ. ಅಂಗಾಲಲ್ಲಿ ಎಣ್ಣೆ ಗ್ರಂಥಿ ಇಲ್ಲ, ಹಿಮ್ಮಡಿ ಒಣಗಿ ಸೀಳುತ್ತೆ. ಯೂರಿಯಾ ಇರೋ ಕ್ರೀಮು, 10ರಿಂದ 25 ಪರ್ಸೆಂಟಿನದು, ರಾತ್ರಿ ಹಚ್ಚು, ಬೆರಳ ಸಂದಿಗೆ ಮಾತ್ರ ಬೇಡ. ಜಡ್ಡಿನ ಅಂಚು ದಪ್ಪ ಆದ್ರೆ ಕಾಲುಜ್ಜೋ ಕಲ್ಲಿನಿಂದ ಹಗುರಾಗಿ ಉಜ್ಜು. ಬ್ಲೇಡು ಹಿಡಿಯೋನು ಕಾಲನ್ನಲ್ಲ, ಆಸ್ಪತ್ರೆ ಚೀಟಿಯನ್ನ ಕೆತ್ತಿಕೊಳ್ತಾನೆ. ಉಗುರು ನೇರ ಕತ್ತರಿಸು, ಮೂಲೆ ಕೊರೀಬೇಡ.

ರಾಘು: ಇಷ್ಟೆಲ್ಲ ಹೇಳಿದ್ರಿ, ಬರಿಗಾಲಿಗೆ ಅತಿ ಅಪಾಯದ ಜಾಗ ಯಾವುದು ಅಂತ ಹೇಳಲೇ ಇಲ್ಲ.

ಗೋಪಿ: ಕಾಡು?

ರಾಘು: ಮಂಚದ ಕಾಲು. ರಾತ್ರಿ ನೀರು ಕುಡಿಯೋಕೆ ಎದ್ದಾಗ. ಕಿರುಬೆರಳು ಹುಡುಕ್ಕೊಂಡು ಹೋಗಿ ಹೊಡೆದುಕೊಳ್ಳುತ್ತೆ.

ವಿಮಲಕ್ಕ: ಅದಕ್ಕೂ ಕ್ರಮ ಇದೆ. ಬಟ್ಟೆ ಸುತ್ತಿದ ಐಸು ಹತ್ತು ಹದಿನೈದು ನಿಮಿಷ. ಆಮೇಲೆ ಎರಡು ಬೆರಳಿನ ನಡುವೆ ಹತ್ತಿ ಇಟ್ಟು ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತು, ತೀರ ಬಿಗಿಯಾಗಿ ಬೇಡ. ಬೆರಳು ಸೊಟ್ಟ ಆಗಿದ್ರೆ, ಮರಗಟ್ಟಿದ್ರೆ, ಚರ್ಮ ಒಡೆದಿದ್ರೆ ಆಸ್ಪತ್ರೆ.

ಗೋಪಿ: ಅದು ಆಗದೇ ಇರೋ ಹಾಗೆ ಏನು ಅಭ್ಯಾಸ ಮಾಡಬೇಕು ಸೀನಣ್ಣ? ಬೆರಳಿನ ವ್ಯಾಯಾಮ? ಹೆಜ್ಜೆ ಊರೋ ಕ್ರಮ?

ಸೀನಣ್ಣ: ಲೈಟ್ ಹಾಕೋ ಮಾರಾಯ.