ಸಹಾಯ ಬೇಕು: ಬೋರ್ ನೀರಿನಲ್ಲಿ ಪೆಟ್ರೋಲ್ ವಾಸನೆ

ನಮಸ್ಕಾರ. ನಮ್ಮದು ತುಮಕೂರು. ಪಕ್ಕದಲ್ಲೇ ಹಳೇ ಪೆಟ್ರೋಲ್ ಬಂಕ್ ಇದೆ. ಮಳೆ ಶುರುವಾದ ಮೇಲೆ ಬೋರ್ ನೀರು ಪೆಟ್ರೋಲ್ ವಾಸನೆ ಹೊಡೆಯುತ್ತಿದೆ. ಬಕೆಟ್ ತುಂಬಿಸಿಟ್ಟರೆ ಮೇಲೆ ಬಣ್ಣಬಣ್ಣದ ಪೊರೆ ಕಟ್ಟುತ್ತದೆ. ಅಡುಗೆಗೂ ಈಗ ಕ್ಯಾನ್ ನೀರೇ. ಬಂಕಿನವರು ಟ್ಯಾಂಕ್ ಸೋರಿಲ್ಲ ಅನ್ನುತ್ತಾರೆ. ನೆಲದೊಳಗಿರುವುದು ನೋಡದೇ ಹೇಗೆ ಗೊತ್ತಾಯಿತೋ!

ಕುಡಿಯುವ ನೀರಿನಲ್ಲಿ ಬೆಂಜೀನ್ (ಪೆಟ್ರೋಲಿನಲ್ಲಿರುವ ವಿಷಕಾರಿ ರಾಸಾಯನಿಕ) ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಮಾಮೂಲಿ ಟಿಡಿಎಸ್ ಟೆಸ್ಟಿನಲ್ಲಿ ಇದು ಸಿಗುವುದಿಲ್ಲ. ಬೆಂಜೀನ್, ಪೆಟ್ರೋಲಿನಲ್ಲೇ ಇರುವ ಟೊಲೀನ್ ನೋಡುವ ಲ್ಯಾಬ್ ಹತ್ತಿರದಲ್ಲಿ ಎಲ್ಲಿದೆ? ಸ್ಯಾಂಪಲ್ಲನ್ನು ಗಾಜಿನ ಬಾಟಲಿಯಲ್ಲಿ ಗಾಳಿ ಉಳಿಯದಂತೆ ತುಂಬಿ ಐಸ್‌ನಲ್ಲಿ ಒಯ್ಯಬೇಕು, ಅಷ್ಟು ಗೊತ್ತು.

ಬಂಕ್ ಸುತ್ತ ಮಾನಿಟರಿಂಗ್ ಬಾವಿ (ನೆಲದಡಿಯ ನೀರು ತೆಗೆದು ಪರೀಕ್ಷಿಸುವ ಬಾವಿ) ಕೊರೆಸಿ ಅಂತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಟ್ಟವರಿದ್ದರೆ ದಯವಿಟ್ಟು ಅದರ ಪ್ರತಿ ಕಳಿಸಿ. ಸುಮ್ನೆ ಕುದಿಸಿ ಕುಡಿಯಿರಿ ಅನ್ನಬೇಡಿ, ಆ ಆವಿ ಮನೆಯೊಳಗೇ ತುಂಬುತ್ತದೆ ಅಲ್ವಾ?